ನೆರಳಿನಲ್ಲಿ ಕೂತು ಅಳೆದ ವೇಗ

ನೂರೆಂಟನ್ನು ಸೆಕೆಂಡಿನಿಂದ ಭಾಗಿಸಿದರೆ ವೇಗ ಬರುತ್ತದೆ. ರಸ್ತೆಯ ಮೇಲೆ ಬಳಿದ ಎರಡು ಗೆರೆಗಳ ನಡುವೆ ಸರಿಯಾಗಿ ಮೂವತ್ತು ಮೀಟರು ಇದ್ದಾಗ ಮಾತ್ರ ಈ ಲೆಕ್ಕ. ಗಾಡಿ ಮೊದಲ ಗೆರೆ ದಾಟುವಾಗ ಸ್ಟಾಪ್‌ವಾಚು ಒತ್ತಬೇಕು, ಎರಡನೆಯದನ್ನು ದಾಟುವಾಗ ನಿಲ್ಲಿಸಬೇಕು. ಎರಡು ಪಾಯಿಂಟ್ ಏಳು ಸೆಕೆಂಡು ಬಂದರೆ ಗಂಟೆಗೆ ನಲವತ್ತು ಕಿಲೋಮೀಟರು. ಮೂರು ಪಾಯಿಂಟ್ ಆರು ಬಂದರೆ ಮೂವತ್ತು. ಮೂರನೆಯ ದಿನದ ಹೊತ್ತಿಗೆ ನನಗೆ ಭಾಗಾಕಾರ ಬೇಕಾಗಲಿಲ್ಲ. ಸೆಕೆಂಡು ನೋಡಿದ ಕೂಡಲೇ ವೇಗ ಬಾಯಿಗೆ ಬರುತ್ತಿತ್ತು. ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ, ಅಷ್ಟೇ.

ಸಂಕ್ರಾಂತಿ ಕಳೆದ ಮೇಲಿನ ದಿನಗಳು. ಅತ್ತೆಯವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಏಳು ವರ್ಷ ಹಾಸಿಗೆ ಹಿಡಿದವರು. ದಿನಕ್ಕೆ ಆರು ಸಲ ಔಷಧಿ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಅವರು ಹೋದಮೇಲೂ ಆ ಹೊತ್ತುಗಳು ಮಾತ್ರ ಮನೆಯಲ್ಲೇ ಉಳಿದುಬಿಟ್ಟವು. ಹನ್ನೊಂದಕ್ಕೆ ಎದ್ದು ನಿಂತು, ಯಾಕೆ ಎದ್ದೆ ಎಂದು ಯೋಚಿಸುತ್ತಿದ್ದೆ. ನಮ್ಮ ಯಜಮಾನರಿಗೆ ಬ್ಯಾಂಕಿನ ಗಡಹಿಂಗ್ಲಜದ ಶಾಖೆಗೆ ವರ್ಗವಾಗಿತ್ತು; ಶನಿವಾರ ಸಂಜೆ ಕೊಲ್ಹಾಪುರಕ್ಕೆ ಬಂದು ಸೋಮವಾರ ನಸುಕಿಗೆ ಹೋಗುತ್ತಿದ್ದರು. ದಿನಕ್ಕೊಮ್ಮೆ ಫೋನು. "ಊಟ ಆತು?" "ಆತು. ನಿಮ್ದು?" "ಆತು."

ನಮ್ಮ ಎದುರು ಮನೆಯಲ್ಲಿ ಒಬ್ಬ ನಿವೃತ್ತ ಇಂಜಿನಿಯರ್ ಸಾಹೇಬರಿದ್ದಾರೆ. ಮೊದಲಿಂದಲೂ ರಸ್ತೆ ಕೆಲಸದವರು, ಈಗ ಮೊಣಕಾಲು ಹೋಗಿದ್ದರೂ ಸಣ್ಣಪುಟ್ಟ ತಪಾಸಣೆಯ ಕೆಲಸ ಹಿಡಿಯುತ್ತಾರೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ನನ್ನ ಇಂಗ್ಲಿಷಿನ ಮೇಲೆ ಅವರಿಗೆ ನಂಬಿಕೆ. ಅವರ ವರದಿಗಳನ್ನು ತಿದ್ದಿ ಟೈಪ್ ಮಾಡಿ ಕೊಡುತ್ತಿದ್ದೆ. ಒಂದು ದಿನ ಕಾಗದದ ಬದಲು ಒಂದು ಕಟ್ಟಿಗೆಯ ಪೆಟ್ಟಿಗೆ ಹಿಡಿದುಕೊಂಡು ಬಂದರು.

"ವೈನಿ, ಈ ಸಲ ಟೈಪ್ ಮಾಡೂದ ಬ್ಯಾಡ್ರಿ. ಅಳಿಯಾಕ ಒಬ್ರು ಬೇಕಾಗ್ಯಾರ. ಕೂಲಿ ಮಂದೀನ ಕಳಿಸಿದ್ರ ಗಿಡದ ಬುಡಕ ಮಲಗಿ, ಮನಸಿಗೆ ಬಂದ ಅಂಕಿ ಬರದ ತರ್ತಾರ. ನಿಮಗ ಸುಳ್ಳ ಬರಿಯಾಕ ಬರೂದಿಲ್ಲ. ಅಕ್ಷರ ನೋಡಿದ್ರ ಗೊತ್ತಾಗ್ತೈತಿ."

"ನನಗ ರಸ್ತೆ ಕೆಲಸ ಏನ ಗೊತ್ತಾಗ್ತೈತ್ರಿ ಸಾಹೇಬ್ರ?"

"ಗುಳಿಗಿ ಹೊತ್ತಿಗೆ ಸರಿಯಾಗಿ ಕೊಟ್ಟೀರಿಲ್ಲೊ ಏಳು ವರ್ಷ? ಇದೂ ಹಂಗ. ಹೊತ್ತು ನೋಡೂದು, ಬರಿಯೂದು."

ಕೆಲಸ ಇಷ್ಟು. ಇಚಲಕರಂಜಿ ಕಡೆಯಿಂದ ಬರುವ ರಸ್ತೆ ಮೇಲ್ಸೇತುವೆಯ ಮೇಲೆ ಹೆದ್ದಾರಿಯನ್ನು ದಾಟುತ್ತದೆ. ದಾಟಿದ ಮೇಲೆ ಎಡಕ್ಕೆ ಒಂದು ದೊಡ್ಡ ಸುತ್ತು ಹಾಕುತ್ತಾ ಇಳಿದು, ಕೆಳಗಿನ ಹೆದ್ದಾರಿಗೆ ಕೂಡುತ್ತದೆ. ಆ ಸುತ್ತಿಗೆ ಲೂಪ್ ಎನ್ನುತ್ತಾರೆ. ಮೂರು ತಿಂಗಳಲ್ಲಿ ಎರಡು ಟೆಂಪೋ ಅಲ್ಲಿ ಬಲಕ್ಕೆ ಮಗುಚಿ ಬಿದ್ದಿದ್ದವು. ರಸ್ತೆ ಕಚೇರಿಯವರು ಕೇಳಿದ್ದು ಒಂದೇ ಪ್ರಶ್ನೆ: ತಪ್ಪು ತಿರುವಿನದೋ, ಓಡಿಸುವವರದೋ?

ಪ್ರತಿ ರಸ್ತೆಗೂ ಒಂದು ವಿನ್ಯಾಸ ವೇಗವಿರುತ್ತದೆಂದು ನನಗೆ ಆಗಲೇ ಗೊತ್ತಾದದ್ದು. ರಸ್ತೆ ಕಟ್ಟುವ ಮೊದಲೇ ಕಾಗದದ ಮೇಲೆ ಹಿಡಿದುಕೊಳ್ಳುವ ವೇಗ ಅದು. ತಿರುವು ಎಷ್ಟು ಅಗಲವಾಗಿ ಬಳಸಬೇಕು, ಗಾಡಿ ಹೊರಗೆ ಜಾರದಂತೆ ಹೊರ ಅಂಚನ್ನು ಎಷ್ಟು ಎತ್ತರಿಸಬೇಕು, ಎಲ್ಲ ಅದರಿಂದಲೇ ಹುಟ್ಟುತ್ತದೆ. ಕೆಳಗಿನ ಹೆದ್ದಾರಿಗೆ ನೂರು, ಈ ಲೂಪಿಗೆ ನಲವತ್ತು. ಬೋರ್ಡಿನ ಮೇಲೂ ನಲವತ್ತೇ ಇತ್ತು. ಜನ ನಿಜವಾಗಿ ಎಷ್ಟರಲ್ಲಿ ಹೋಗುತ್ತಾರೆಂದು ನಾನು ಅಳೆಯಬೇಕು. ನೂರು ಗಾಡಿಗಳ ವೇಗವನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಬರೆದರೆ, ಎಂಬತ್ತೈದನೆಯ ಗಾಡಿಯ ವೇಗವನ್ನೇ ಆ ರಸ್ತೆಯ ವೇಗವೆಂದು ಹಿಡಿಯುತ್ತಾರೆ. ಅದು ನಲವತ್ತರೊಳಗಿದ್ದರೆ ತಿರುವು ಸರಿ. ಬಿದ್ದವರು ತಮ್ಮ ತಪ್ಪಿನಿಂದ ಬಿದ್ದರು ಎಂದು ಬರೆದು ಮುಗಿಸಬಹುದು.

ಕಟ್ಟಿಗೆಯ ಪೆಟ್ಟಿಗೆಯೊಳಗೆ ಓರೆಯಾಗಿ ಕೂರಿಸಿದ ಒಂದು ಕನ್ನಡಿ ಇತ್ತು. ಇಬ್ಬರು ಮಾಡುವ ಕೆಲಸವನ್ನು ಒಬ್ಬರೇ ಮಾಡಲೆಂದು ಸಾಹೇಬರು ಬಡಗಿಯಿಂದ ಮಾಡಿಸಿದ್ದು. ಪೆಟ್ಟಿಗೆಯನ್ನು ಮೂರು ಕಾಲಿನ ಮಣೆಯ ಮೇಲೆ ಮೊದಲ ಗೆರೆಗೆ ಎದುರಾಗಿ ಇಡಬೇಕು. ನಾನು ಎರಡನೆಯ ಗೆರೆಯ ಹತ್ತಿರ ಕೂರಬೇಕು. ಗಾಡಿ ಮೊದಲ ಗೆರೆ ದಾಟುತ್ತಲೇ ಕನ್ನಡಿಯಲ್ಲಿ ಫಕ್ಕನೆ ಒಂದು ಬಣ್ಣ ಹಾಯುತ್ತದೆ, ಆಗ ಒತ್ತಬೇಕು. ಅದೇ ಗಾಡಿ ನನ್ನೆದುರು ಬಂದಾಗ ನಿಲ್ಲಿಸಬೇಕು.

ಮೊದಲ ದಿನ ಸಾಹೇಬರು ಕಾರಿನಲ್ಲಿ ಬಂದು, ಕೋಲೂರಿ ನಿಂತು, ಲೂಪಿನ ಕೆಳ ಅರ್ಧದಲ್ಲಿ ಒಂದು ಹಳೆಯ ಬಾವಿಯ ಎದುರು ಸುಣ್ಣದ ಗೆರೆ ಹಾಕಿಸಿದರು. ಒಬ್ಬಂಟಿ ಗಾಡಿಗಳನ್ನಷ್ಟೇ ಅಳೆಯಬೇಕು, ಕಬ್ಬಿನ ಟ್ರ್ಯಾಕ್ಟರನ್ನೂ ಅದರ ಹಿಂದೆ ಸಿಕ್ಕಿಕೊಂಡು ತೆವಳುವವರನ್ನೂ ಬಿಡಬೇಕು, ಮೋಟಾರ್‌ಸೈಕಲ್ಲು ಬೇಡ ಎಂದರು. ಆ ದಿನ ಗೆರೆ ಹಾಕುವುದರಲ್ಲೇ ಮುಗಿಯಿತು. ಆಮೇಲೆ ಅವರು ಬರಲಿಲ್ಲ. ಮೊಣಕಾಲು ಬಿಡಲಿಲ್ಲ.

ಎರಡನೆಯ ದಿನ ಬಸ್ಸು ಹಿಡಿದು ಬಂದು ಪೆಟ್ಟಿಗೆ ಕೂರಿಸುವಷ್ಟರಲ್ಲಿ ಹನ್ನೊಂದಾಗಿ, ಬಿಸಿಲು ತಲೆಗೆ ಹತ್ತಿತು. ಬಾವಿಯ ಹತ್ತಿರ ಹಿಡಿಯಷ್ಟೂ ನೆರಳಿರಲಿಲ್ಲ. ಅರವತ್ತು ಮೀಟರು ಮೇಲಕ್ಕೆ, ಸುತ್ತಿನ ಒಳಬದಿಗೆ, ಒಂದು ದೊಡ್ಡ ಬೇವಿನ ಗಿಡ. ಬುಡದಲ್ಲಿ ಶೇಂದ್ರಿಯ ಕೆಂಪು ಬಳಿದ ಮಸೋಬಾ ದೇವರ ಕಲ್ಲು. ರಸ್ತೆ ಮಾಡುವಾಗ ಹಳೆಯ ಜಾಗದಿಂದ ಎತ್ತಿ ಇಲ್ಲಿ ತಂದು ಇಟ್ಟಿದ್ದಂತೆ. ಒಂದೇ ರಸ್ತೆ, ಅವೇ ಗಾಡಿಗಳು. ಇಲ್ಲಿ ಅಳೆದರೇನು, ಅಲ್ಲಿ ಅಳೆದರೇನು ಅನ್ನಿಸಿತು. ಟೇಪು ಹಿಡಿದು, ಮೂವತ್ತು ಮೀಟರನ್ನು ಎರಡೆರಡು ಸಲ ಅಳೆದು, ಹೊಸ ಗೆರೆ ನಾನೇ ಎಳೆದೆ. ಅಂತರದಲ್ಲಿ ಒಂದು ಬೆರಳಿನ ತಪ್ಪೂ ಇರಲಿಲ್ಲ ಎಂದು ಈಗಲೂ ಹೇಳಬಲ್ಲೆ.

ಬೇವಿನ ಕೆಳಗೆ ಕೂತ ಮೊದಲ ದಿನ ಒಂದು ಟ್ರಕ್ಕು ಬಂತು. ಚಾಲಕ ಬಲಗೈ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ನಾನೂ ತಟ್ಟನೆ ಕೈಮುಗಿದೆ. ಹಿಂದಿನ ಟೆಂಪೋದವನೂ ಕೈ ಎತ್ತಿದ, ಅವನಿಗೂ ಮುಗಿದೆ. ಆರೇಳು ಗಾಡಿ ಆದಮೇಲೆ, ಆ ಕೈಗಳು ನನಗಲ್ಲ, ಬೆನ್ನ ಹಿಂದಿನ ಕಲ್ಲಿಗೆ ಎಂದು ತಿಳಿಯಿತು. ಸೆರಗು ಸರಿಮಾಡಿಕೊಂಡು ಸುಮ್ಮನೆ ಕೂತೆ. ಆದರೂ ಸುಳ್ಳು ಯಾಕೆ ಹೇಳಲಿ, ಆ ಕೈಗಳು ನನಗೆ ಬೇಕಾಗಿದ್ದವು. ದಿನವೆಲ್ಲ ಬೇರೆ ಯಾರೂ ನನ್ನ ಕಡೆಗೆ ಕೈ ಎತ್ತುತ್ತಿರಲಿಲ್ಲ. ಅಳತೆ ಬರೆಯುವ ವಹಿಯ ಅಂಚಿನಲ್ಲಿ ಸಣ್ಣ ಚುಕ್ಕೆ ಇಟ್ಟು ಎಣಿಸತೊಡಗಿದೆ. ಕೆಲವರು ಹಣೆಗೆ, ಕೆಲವರು ಎದೆಗೆ, ಕೆಲವರು ಬೆರಳನ್ನು ತುಟಿಗೆ ಮುಟ್ಟಿಸಿಕೊಳ್ಳುತ್ತಿದ್ದರು. ಹುಪರಿಯಿಂದ ಬೆಳ್ಳಿ ಸಾಮಾನು ಒಯ್ಯುವವರು ಹೊಟ್ಟೆಗೆ ಚೀಲ ಕಟ್ಟಿಕೊಂಡು ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಿದ್ದರು. ಕೈ ಬಿಡಲು ಹೆದರಿ, ತಲೆ ಮಾತ್ರ ಬಾಗಿಸುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ರೊಟ್ಟಿಯ ಒಂದು ತುಣುಕು ಕಲ್ಲಿನ ಮುಂದೆ ಇಡುತ್ತಿದ್ದೆ. ಅದನ್ನೂ ಯಾರಿಗೂ ಹೇಳಿರಲಿಲ್ಲ.

ಅಂಕಿಗಳು ಚೆನ್ನಾಗಿ ಬರುತ್ತಿದ್ದವು. ಎರಡು ಪಾಯಿಂಟ್ ಎಂಟು, ಎರಡು ಪಾಯಿಂಟ್ ಒಂಬತ್ತು, ಮೂರು. ಹತ್ತನೆಯ ದಿನ ಸಂಜೆ ಅಲ್ಲಿಯವರೆಗಿನದನ್ನು ಸಾಲುಹಚ್ಚಿ ನೋಡಿದರೆ ಎಂಬತ್ತೈದನೆಯ ವೇಗ ಮೂವತ್ತೊಂಬತ್ತು.

ಸಾಹೇಬರು ಕಟ್ಟೆಯ ಮೇಲೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೇಳಿದರು. "ಮೂವತ್ತೊಂಬತ್ತು? ವಾ! ವಿನ್ಯಾಸ ನಲವತ್ತು, ಮಂದಿ ಮೂವತ್ತೊಂಬತ್ತು. ಇಷ್ಟು ಚಂದ ಕೂಡಿದ್ದು ನನ್ನ ನೌಕರಿಯಾಗ ನೋಡಿಲ್ರಿ ವೈನಿ. ನಾಳಿ ಆಫೀಸಿಗೆ ಫೋನ್ ಮಾಡಿ ಹೇಳಿಬಿಡ್ತೀನಿ. ಸೋಮವಾರ ಬರಿಯೂಣು."

ಮರುದಿನ ಹೋಗದಿದ್ದರೂ ನಡೆಯುತ್ತಿತ್ತು. ಅಭ್ಯಾಸದಿಂದ ಹೋದೆ. ಮನೆಯಲ್ಲಿ ಕೂತು ಮಾಡುವುದೇನಿತ್ತು?

ಮಧ್ಯಾಹ್ನ ಒಬ್ಬಾತ ಮೋಟಾರ್‌ಸೈಕಲ್ಲು ನಿಲ್ಲಿಸಿ ಕೆಳಗಿಳಿದ. ನಲವತ್ತರ ಆಸುಪಾಸು. ಅಂಗಿಯ ತೋಳಿಗೆ, ಹುಬ್ಬಿಗೆ ಹತ್ತಿಯ ಎಳೆ ಅಂಟಿದ್ದವು. ಕಲ್ಲಿಗೆ ಕೈಮುಗಿದು, ನನ್ನಿಂದ ನಾಲ್ಕು ಮಾರು ದೂರ ಕುಕ್ಕರುಗಾಲಿನಲ್ಲಿ ಕೂತ.

"ಅಕ್ಕಾರ, ಸ್ಪೀಡ್ ಬರಿಯಾವರು ನೀವೇನ್ರಿ?"

"ಹೌದ್ರಿ."

"ಇಲ್ಲೆ ಬಿದ್ದ ಟೆಂಪೋ ನಂದ್ರಿ. ಎರಡನೇದು."

ಇಚಲಕರಂಜಿಯ ಒಂದು ಸೈಜಿಂಗ್ ಕಾರ್ಖಾನೆಯಲ್ಲಿ ಅವನು ಚಾಲಕ. ಮಗ್ಗಕ್ಕೆ ಹಾಕುವ ಮೊದಲು ನೂಲಿಗೆ ಗಂಜಿ ಹಿಡಿಸಿ, ಮನುಷ್ಯನೆತ್ತರದ ಕಬ್ಬಿಣದ ಉರುಳೆಗಳಿಗೆ ಸುತ್ತುತ್ತಾರೆ. ಅವಕ್ಕೆ ಬೀಮ್ ಎನ್ನುತ್ತಾರೆ. ಅಂಥ ನಾಲ್ಕು ಬೀಮ್ ಹೇರಿಕೊಂಡು ಬರುವಾಗ ಬಾವಿಯ ಹತ್ತಿರ ಹಗ್ಗ ಕಿತ್ತು, ಬೀಮ್ ಬಲಕ್ಕೆ ಉರುಳಿ, ಗಾಡಿಯನ್ನೂ ಎಳೆದುಕೊಂಡು ಹೋಗಿತ್ತು. ಹಿಂದೆ ಕೂತಿದ್ದ ಹಮಾಲ ಅವನ ಹೆಂಡತಿಯ ಅಣ್ಣ. ಕಾಲು ಎರಡು ಕಡೆ ಮುರಿದಿತ್ತು.

"ಮಾಲಕರು ಕೀಲಿ ಕಸ್ಕೊಂಡು ಹಮಾಲಿಗೆ ಹಚ್ಚ್ಯಾರ. ಅದು ಇರ್ಲಿರಿ. ಮನ್ಯಾಗ ಮಾತು ಬಿಟ್ಟಾಳ. ತಾಟು ತಂದು ಮುಂದ ಇಡ್ತಾಳ, ತಿರುಗಿ ಒಳಗ ಹೋಗ್ತಾಳ. ನಮ್ಮಣ್ಣನ ಕಾಲ ಮುರದಿ ಅಂತ ಒಮ್ಮೆರ ಬೈದಿದ್ರ ಚಲೋ ಇತ್ತ್ರಿ. ಬೈಯಂಗೂ ಇಲ್ಲ."

"ಜೋರ್ ಹೊಂಟಿದ್ರೇನು?" ಎಂದು ಮೆಲ್ಲಗೆ ಕೇಳಿದೆ.

"ಮೀಟರಿನ ಕಾಟಾ ನೋಡಿಲ್ರಿ. ದೇವರ ಮುಂದ ಅದೇನಿ, ಸುಳ್ಳ ಹೇಳೂದಿಲ್ಲ. ಆದ್ರ ಎಲ್ಲಾರೂ ಹ್ಯಾಂಗ ಹೋಗ್ತಾರಲ್ಲ, ಹಂಗ ಹೋಗಿದ್ದೆ."

ನಾನು ವಹಿ ತಿರುಗಿಸಿ ತೋರಿಸಿದೆ. "ಎಲ್ಲಾರೂ ನಲವತ್ತರ ಒಳಗ ಹೊಂಟಾರ್ರಿ, ನೋಡ್ರಿ." ಅವನನ್ನು ಸುಳ್ಳುಗಾರ ಎಂದಂತಾಯಿತೇನೋ ಎಂದು ಆಡಿದ ಮೇಲೆ ಅನ್ನಿಸಿತು. ಅವನು ವಹಿಯನ್ನು ನೋಡಲಿಲ್ಲ. ರಸ್ತೆಯನ್ನು ನೋಡುತ್ತಿದ್ದ. ಆಗಲೇ ಒಂದು ಟೆಂಪೋ ಬಂತು. ಚಾಲಕ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡು ಮುಂದಕ್ಕೆ ಹೋದ. ಇವನು ನಕ್ಕ. ಒಳ್ಳೆಯ ನಗು ಅಲ್ಲ.

"ಅಕ್ಕಾರ, ದೇವರ ಮುಂದ ಕುಂತು ವೇಗ ಅಳೀತೀರಿ. ದೇವರ ಮುಂದ ಯಾರ್ರಿ ಗಾಡಿ ಓಡಸ್ತಾರ? ಕೈ ಎತ್ತಬೇಕಂದ್ರ ಕಾಲ ಸಡ್ಲ ಬಿಡಬೇಕಲ್ಲ. ಅಲ್ಲೆ ಕೆಳಗ ಬಾವಿ ಕಡೆ ಹೋಗಿ ನೋಡ್ರಿ, ನಿಮ್ಮ ಎಲ್ಲಾರೂ ಹ್ಯಾಂಗ ಹೊಂಟಾರ ಅಂತ."

ಅವನು ಹೋದಮೇಲೆ ನನ್ನ ವಹಿಯ ಅಂಚಿನ ಚುಕ್ಕೆಗಳನ್ನು ನೋಡಿದೆ. ನಲವತ್ತು ಸಾಲಿನ ಪುಟಕ್ಕೆ ಮೂವತ್ತು, ಮೂವತ್ತೈದು. ಗಾಡಿಗಳು ಇಲ್ಲಿ ನಿಧಾನಿಸುತ್ತಿದ್ದವೆಂಬುದಕ್ಕೆ ಸಾಕ್ಷಿಯನ್ನು ನಾನೇ ಇಷ್ಟು ದಿನ, ಇಷ್ಟು ಅಚ್ಚುಕಟ್ಟಾಗಿ ಬರೆದುಕೊಂಡಿದ್ದೆ. ಮುಖಗಳನ್ನೂ ಬೆರಳುಗಳನ್ನೂ ಗಮನಿಸಿದ್ದ ನನಗೆ ಪಾದ ಏನು ಮಾಡುತ್ತಿರಬಹುದೆಂದು ಹೊಳೆದಿರಲಿಲ್ಲ. ಅರವತ್ತು ಮೀಟರಿಗೆ ಬೇರೆ ರಸ್ತೆಯಾಗುತ್ತದೆಂದು ಯಾರು ಎಣಿಸುತ್ತಾರೆ?

ಅದೇ ಹೊತ್ತಿಗೆ ಪೆಟ್ಟಿಗೆ ಹೊತ್ತುಕೊಂಡು ಬಾವಿಯ ಹತ್ತಿರ ಹೋದೆ. ಅಳಿಸಿಹೋಗಿದ್ದ ಗೆರೆಗಳನ್ನು ಮತ್ತೆ ಬಳಿದು, ಕರಿ ಛತ್ರಿ ಬಿಚ್ಚಿ ಕೂತೆ. ಗಾಡಿಗಳು ತಿರುವಿನಲ್ಲಿ ಬರುತ್ತಿದ್ದಂತೆ ಛತ್ರಿ ಮತ್ತು ಪೆಟ್ಟಿಗೆ ಕಂಡು ಗಕ್ಕನೆ ಬ್ರೇಕು ಹಾಕಿದವು. ಒಬ್ಬ ಕಿಟಕಿಯಿಂದ ತಲೆ ಹಾಕಿ, "ಮ್ಯಾಡಂ, ಪಾವತಿ ನಕಾ ಫಾಡೂ!" ಎಂದು ಕೂಗಿ ಹೋದ. ದಂಡದ ಚೀಟಿ ಹರಿಯುವ ಪೊಲೀಸರ ಪೈಕಿ ಎಂದುಕೊಂಡಿದ್ದ. ಹೀಗೆ ಹೆದರಿಸಿ ಅಳೆದದ್ದಕ್ಕೂ ಬೆಲೆಯಿಲ್ಲ.

ಮರುದಿನ ಒಣ ಕಬ್ಬಿನ ಸೋಗೆಯ ಬಣ್ಣದ ಹಳೇ ಸೀರೆ ಉಟ್ಟು ಹೋದೆ. ಪೆಟ್ಟಿಗೆಯನ್ನು ಹುಲ್ಲಿನಲ್ಲಿ ತಗ್ಗಿಸಿ ಇಟ್ಟು ಮೇಲೆ ಸೋಗೆ ಹಾಕಿದೆ. ಛತ್ರಿ ಬಿಟ್ಟು ತಲೆಗೆ ಒದ್ದೆ ಟವೆಲು ಸುತ್ತಿಕೊಂಡು, ಬಾವಿಯ ಕಟ್ಟೆಯ ಹಿಂದೆ, ಒಂದು ಕಲ್ಲು ಬಿದ್ದುಹೋದ ಸಂದಿಗೆ ಕಣ್ಣಿಟ್ಟು ಕೂತೆ. ಯಾರ ಕಣ್ಣಿಗೂ ಬೀಳದಿರುವುದೇ ಈಗ ಕೆಲಸದ ಭಾಗ. ಅದು ಸುಲಭವಾಗಿಯೇ ಬಂತು.

ಕನ್ನಡಿಯಲ್ಲಿ ಬಣ್ಣ ಹಾಯಿತು. ಒತ್ತಿದೆ, ನಿಲ್ಲಿಸಿದೆ. ಎರಡು ಪಾಯಿಂಟ್ ಒಂದು. ನನ್ನ ಬೆರಳೇ ತಪ್ಪಿತೇನೋ ಎಂದುಕೊಂಡೆ. ಮುಂದಿನದು ಎರಡು ಪಾಯಿಂಟ್ ಎರಡು. ಅದರ ಮುಂದಿನದು ಮತ್ತೆ ಎರಡು ಪಾಯಿಂಟ್ ಒಂದು. ಟೈರು ಸಣ್ಣಗೆ ಕಿರುಗುಟ್ಟಿದ್ದು ಕೇಳಿಸುತ್ತಿತ್ತು. ಸಂಜೆಯವರೆಗೆ ನೂರು ಒಬ್ಬಂಟಿ ಗಾಡಿ ಸಿಕ್ಕವು. ಎಂಬತ್ತೈದನೆಯದರ ವೇಗ ಐವತ್ತೊಂದು.

ಆ ಶನಿವಾರ ಯಜಮಾನರು ಬಂದರು. "ಮುಖ ಯಾಕ ಇಷ್ಟ ಕರ್ರಗಾಗೇತಿ?" ಎಂದರು. "ಬಿಸಲಾಗ ಕುಂತಿದ್ದೆ." "ಛತ್ರಿ ಒಯ್ದಿದ್ದಿಲ್ಲೇನು?" ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವರು ಟಿವಿಯ ದನಿ ಹೆಚ್ಚು ಮಾಡಿದರು. ಎಲ್ಲಿಂದ ಶುರುಮಾಡಬೇಕು ಅನ್ನುವುದೂ ತಿಳಿಯಲಿಲ್ಲ. ಮಸೋಬಾನಿಂದಲೋ, ನಾನು ಕೈಮುಗಿದದ್ದರಿಂದಲೋ?

ಸೋಮವಾರ ಬೆಳಿಗ್ಗೆ ಎರಡು ಹಾಳೆ ಹಿಡಿದುಕೊಂಡು ಎದುರು ಮನೆಗೆ ಹೋದೆ. ಸಾಹೇಬರು ಆಗಲೇ ವರದಿಯ ಮೊದಲ ಪುಟ ಬರೆದಿಟ್ಟಿದ್ದರು. ತಿರುವಿನಲ್ಲಿ ದೋಷವಿಲ್ಲ, ಉರುಳಿದ ಎರಡೂ ಗಾಡಿಗಳ ಚಾಲಕರ ಅತಿವೇಗವೇ ಕಾರಣ ಎಂದು ಅದರಲ್ಲಿತ್ತು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಬೇವಿನ ಗಿಡ, ನೆರಳು, ಕೈಗಳು, ಬಾವಿ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಕೂಲಿ ಮಂದಿ ಗಿಡದ ಬುಡಕ ಮಲಗ್ತಾರ ಅಂದಿದ್ದೆ. ನೀವು ಕುಂತ್ರಿ. ಅಷ್ಟ ಫರಕ."

"ಹೌದ್ರಿ."

"ಆಫೀಸಿಗೆ ಫೋನ್ ಮಾಡಿ ತಿರುವು ಠೀಕ್ ಐತಿ ಅಂತ ಹೇಳೇನಿ. ಏನ್ ಮಾಡ್ಲಿ ಈಗ? ಅಹೋ, ಎಪ್ಪತ್ತು ದಾಟಿದ ಮನುಷ್ಯಾ ನಾ, ನನಗ ಯಾಕ ಇದು?"

ಅದಕ್ಕೂ "ಹೌದ್ರಿ" ಎಂದೆ. ಒಳಗಿಂದ ಅವರ ಮನೆಯವರು ಚಹಾ ತಂದಿಟ್ಟರು. ಸಾಹೇಬರು ಅದನ್ನು ಒಂದೇ ಗುಟುಕಿಗೆ ಕುಡಿದರು. ಆಮೇಲೆ ಎದ್ದು, ಸುರುಳಿ ಸುತ್ತಿದ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕು ಮೂಲೆಗೂ ಎರಡು ಕಪ್ಪು, ಎರಡು ಬಸಿ ಹೇರಿದರು.

ನಕ್ಷೆಯಲ್ಲಿ ಸುತ್ತು ಒಂದೇ ಅಳತೆಯದಾಗಿರಲಿಲ್ಲ. ಮೇಲಿನ ಅರ್ಧ ಎಂಬತ್ತು ಮೀಟರು ತ್ರಿಜ್ಯದ್ದು, ಅಗಲವಾಗಿ ಬಳಸುತ್ತದೆ. ಬಾವಿಯನ್ನು ಉಳಿಸಲೆಂದು ಕೆಳಗಿನ ಅರ್ಧವನ್ನು ನಲವತ್ತೈದಕ್ಕೆ ಬಿಗಿದಿದ್ದರು. ಸಾಹೇಬರು ಪೆನ್ಸಿಲು ಹಿಡಿದು, ನನಗೆ ತಿಳಿಯಲೆಂದು ದೊಡ್ಡ ದೊಡ್ಡ ಅಂಕಿಗಳಲ್ಲಿ ಬರೆದರು. ಗಾಡಿಯನ್ನು ಹೊರಗೆ ಎಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, ತ್ರಿಜ್ಯ ಹೆಚ್ಚಾದಷ್ಟೂ ಇಳಿಯುತ್ತದೆ. ನಲವತ್ತರ ವರ್ಗವನ್ನು ಎಂಬತ್ತರಿಂದ ಭಾಗಿಸಿದರೆ ಇಪ್ಪತ್ತು. ಮೂವತ್ತರ ವರ್ಗವನ್ನು ನಲವತ್ತೈದರಿಂದ ಭಾಗಿಸಿದರೂ ಇಪ್ಪತ್ತೇ. ಅಂದರೆ ಮೇಲೆ ನಲವತ್ತರಲ್ಲಿ ಹೋದಷ್ಟೇ ಕೆಳಗೆ ಮೂವತ್ತರಲ್ಲಿ ಹೋಗುವುದು. ನನ್ನ ಐವತ್ತೊಂದನ್ನು ಹಾಕಿದರು. ಐವತ್ತೇಳು ದಾಟಿತು. ಹತ್ತಿರ ಹತ್ತಿರ ಮೂರು ಪಟ್ಟು.

"ಮ್ಯಾಲ ಅಗಲ ಐತಿ, ಬೋರ್ಡ್ ನಲವತ್ತು ಅಂತೈತಿ, ಇಳಿಜಾರು ಬ್ಯಾರೆ. ಕೈಮುಗಿದು ಕಾಲ ಒತ್ತಿದ ಅಂದ್ರ ಇಲ್ಲೆ ಬಂದು ಸಿಕ್ಕೊಂಡ. ತಿರುವು ಬಿಗಿ ಆತು ಅಂತ ಗೊತ್ತಾಗೂದರಾಗ ಮುಗದಿರ್ತೈತಿ." ಪೆನ್ಸಿಲು ಕೆಳಗಿಟ್ಟರು. "ನಕ್ಷಾ ನಾನೂ ನೋಡಿದ್ದೆ ವೈನಿ. ಮೂವತ್ತೊಂಬತ್ತು ಅಂದ ಕೂಡಲೇ ಮತ್ತ ನೋಡ್ಲಿಲ್ಲ."

ಗಿಡದ ಕೆಳಗೆ ಬರೆದ ಹಳೆಯ ಹಾಳೆಗಳನ್ನು ಹರಿದುಹಾಕಿ, ಬಾವಿಯ ಹತ್ತಿರ ಹೊಸದಾಗಿ ಎಂಟು ದಿನ ಅಳೆದು ಅದನ್ನಷ್ಟೇ ಕಳಿಸೋಣ ಎಂದರು. ಯಾರಿಗೂ ಗೊತ್ತಾಗುವುದಿಲ್ಲ, ನನ್ನ ಹೆಸರೂ ಕೆಡುವುದಿಲ್ಲ. ನನಗೂ ಒಂದು ಕ್ಷಣ ಅದೇ ಬೇಕೆನ್ನಿಸಿತು. ಆದರೆ ಹಾಳೆಗಳು ಸುಳ್ಳಲ್ಲವಲ್ಲ. ಗಿಡದ ಹತ್ತಿರ ಮೂವತ್ತೊಂಬತ್ತು ನಿಜ, ಬಾವಿಯ ಹತ್ತಿರ ಐವತ್ತೊಂದೂ ನಿಜ. ಅದೇ ಚಾಲಕರು ಅರವತ್ತು ಮೀಟರಿನಲ್ಲಿ ಹನ್ನೆರಡು ಕಿಲೋಮೀಟರು ವೇಗ ಏರಿಸಿಕೊಂಡರೆಂದರೆ, ಆ ರಸ್ತೆ ಅವರಿಗೆ ಏನೂ ಹೇಳುತ್ತಿಲ್ಲ ಎಂದೇ ಅರ್ಥ. ಒಂದು ಹಾಳೆ ತೆಗೆದರೆ ಉಳಿಯುವುದು ಬರೀ ಅತಿವೇಗ.

"ಎರಡೂ ಹಚ್ಚೂಣ್ರಿ ಸಾಹೇಬ್ರ. ನಾ ಯಾಕ ಸರದು ಕುಂತೆ ಅನ್ನೂದನ್ನೂ ಬರಿಯೂಣು."

"ಅದನ್ನ ಬರದ್ರ ನಿಮಗ ಮತ್ತ ಯಾರೂ ಕೆಲಸ ಕೊಡೂದಿಲ್ಲ ನೋಡ್ರಿ."

"ನೀವೂ ಕೊಡೂದಿಲ್ಲೇನ್ರಿ?"

ಅವರು ಕನ್ನಡಕ ಹಾಕಿಕೊಂಡು, ತಾವು ಬರೆದಿದ್ದ ಮೊದಲ ಪುಟವನ್ನು ನಡುವಿಗೆ ಮಡಚಿ ಹರಿದರು. ಫೋನು ಎತ್ತಿಕೊಂಡು ಕಚೇರಿಯವರೊಡನೆ ಮರಾಠಿಯಲ್ಲಿ ಮಾತಾಡಿದರು. ತಮ್ಮ ಕಡೆಯಿಂದ ತಪ್ಪಾಗಿದೆ, ಇನ್ನೂ ಹತ್ತು ದಿನ ಬೇಕು ಎಂದರು. ಆ ಕಡೆಯ ದನಿ ಮೇಜಿನಾಚೆ ಕೂತ ನನಗೂ ಕೇಳಿಸುವಷ್ಟು ಜೋರಾಗಿತ್ತು. ನನ್ನ ಹೆಸರು ಅವರು ಹೇಳಲಿಲ್ಲ.

ಎಂಟು ದಿನ ಬಾವಿಯ ಕಟ್ಟೆಯ ಹಿಂದೆ ಕೂತೆ. ಬೆಳಿಗ್ಗೆ ಒಂಬತ್ತರಿಂದ ಒಂದು, ಎರಡರಿಂದ ಐದು. ಮೂರನೆಯ ದಿನ ಒಂದು ಟ್ರಕ್ಕಿನ ಗಾಳಿಗೆ ಪೆಟ್ಟಿಗೆ ಮಗುಚಿ ಕನ್ನಡಿ ಬಿರುಕು ಬಿಟ್ಟಿತು. ಮನೆಯ ಬಚ್ಚಲಿನ ಕನ್ನಡಿಯನ್ನು ಅಳತೆಗೆ ಕೊಯ್ಯಿಸಿ ಕೂರಿಸಿದೆ. ಆ ಒಂದು ವಾರ ಬೈತಲೆಯನ್ನು ಬೆರಳಿನಿಂದಲೇ ಅಂದಾಜು ಮಾಡಿ ತೆಗೆದುಕೊಂಡೆ. ಸೊಟ್ಟಗಿದೆ ಎಂದು ಹೇಳುವವರು ಮನೆಯಲ್ಲಿ ಯಾರಿದ್ದರು? ಮಾತಿಲ್ಲದ ದಿನಗಳು. ಸಂಜೆ ಬಸ್ಸಿನಲ್ಲಿ ಟಿಕೆಟು ಕೇಳುವಾಗ ಮೊದಲ ಸಲ ದನಿಯೇ ಹೊರಡುತ್ತಿರಲಿಲ್ಲ.

ಕೊನೆಯ ದಿನ ಅವನು ಮತ್ತೆ ಬಂದ. ಗಿಡದ ಹತ್ತಿರ ಹುಡುಕಿ, ಇಲ್ಲದ್ದನ್ನು ಕಂಡು, ಕೆಳಗೆ ನಡೆದುಕೊಂಡು ಬಂದಿದ್ದ. ಬಾವಿಯ ಹಿಂದೆ ಟವೆಲು ಸುತ್ತಿಕೊಂಡ ನನ್ನನ್ನು ನೋಡಿ ಬೆಚ್ಚಿದ.

"ಯವ್ವಾ! ಅಕ್ಕಾರ, ದೆವ್ವ ಅಂದ್ಕೊಂಡ್ನಿ."

ಎಷ್ಟೋ ದಿನಗಳ ಮೇಲೆ ನಕ್ಕೆ. ಆಮೇಲೆ ಎಂಬತ್ತೈದನೆಯ ಗಾಡಿಯ ಲೆಕ್ಕವನ್ನು ಅವನಿಗೆ ತಿಳಿಯುವಂತೆ ಹೇಳಿದೆ. ಐವತ್ತರ ಮೇಲೆ ಹೋಗುವವರು ಒಬ್ಬಿಬ್ಬರಲ್ಲ, ಪ್ರತಿ ದಿನವೂ ಇದ್ದಾರೆ ಎಂದೆ.

"ಅಂದ್ರ ಎಲ್ಲಾರೂ ಕಳ್ಳರು, ಸಿಕ್ಕಾಂವ ನಾ ಒಬ್ಬಾಂವ ಅನ್ರಿ."

"ಕಳ್ಳರಲ್ರಿ. ರಸ್ತೆ ಎಲ್ಲಾರಿಗೂ ಒಂದ ಥರ ಮೋಸ ಮಾಡಾಕತ್ತೈತಿ."

ಅವನು ಬಾವಿಯೊಳಗೆ ಇಣುಕಿ ನೋಡುತ್ತಾ ನಿಂತ. "ಇದನ್ನ ನಾ ಮನ್ಯಾಗ ಹೇಳಿದ್ರ ಯಾರ ನಂಬ್ತಾರ್ರಿ? ತಪ್ಪಿಸ್ಕೊಳ್ಳಾಕ ಹೇಳ್ತಾನ ಅಂತಾಳ."

"ನಿಮ್ಮ ಮನೆಯವ್ರಿಗೆ ಓದಾಕ ಬರ್ತೈತೇನ್ರಿ?"

"ಬರ್ತೈತ್ರಿ. ನಮ್ಮ ಊರ ಕನ್ನಡ ಸಾಲ್ಯಾಗ ಏಳನೇತ್ತ ಆಗೇತಿ. ಇಲ್ಲಿ ಮರಾಠಿ ಪೇಪರ್ ಓದೂದಿಲ್ಲ, ತಿಳಿಯೂದಿಲ್ಲ ಅಂತಾಳ."

ವಹಿಯಿಂದ ಒಂದು ಹಾಳೆ ಹರಿದೆ. ಇಂಗ್ಲಿಷಿನಲ್ಲಿ ನಲವತ್ತು ಪುಟ ಬರೆಯಬಲ್ಲೆ. ಕನ್ನಡದಲ್ಲಿ ಬರೆದು ವರ್ಷಗಳಾಗಿದ್ದವು. ಒತ್ತಕ್ಷರ ಎಲ್ಲಿ ಕೂರಬೇಕೆಂದು ಎರಡು ಕಡೆ ಕೈ ತಡೆಯಿತು. ಬರೆದದ್ದು ಇಷ್ಟು:

"ತಂಗಿ, ನಿನ್ನ ಪರಿಚಯ ನನಗಿಲ್ಲ. ನಿನ್ನ ಗಂಡನ ಗಾಡಿ ಬಿದ್ದ ಜಾಗದಲ್ಲಿ ನಾನು ಎಂಟು ದಿನ ಕೂತು ಬೇರೆಯವರ ಗಾಡಿಗಳ ವೇಗ ಅಳೆದಿದ್ದೇನೆ. ಅಲ್ಲಿ ಮೂವತ್ತರಲ್ಲಿ ಹೋಗಬೇಕು. ಆದರೆ ಬೋರ್ಡಿನ ಮೇಲೆ ನಲವತ್ತು ಇದೆ. ಹೆಚ್ಚಿನವರು ಅದಕ್ಕೂ ಜೋರಾಗಿ ಹೋಗುತ್ತಾರೆ, ಯಾಕೆಂದರೆ ಮುಂದೆ ತಿರುವು ಬಿಗಿಯಾಗುವುದು ಅವರಿಗೆ ಕಾಣುವುದಿಲ್ಲ. ನಿನ್ನ ಗಂಡ ಆ ದಿನ ಎಷ್ಟರಲ್ಲಿ ಹೋದನೋ ನಾನು ನೋಡಿಲ್ಲ. ಎಲ್ಲರೂ ಹೋಗುವ ಹಾಗೆ ಹೋದೆ ಎಂದು ಹೇಳುತ್ತಾನೆ. ಎಲ್ಲರೂ ಹೇಗೆ ಹೋಗುತ್ತಾರೆಂದು ನಾನು ನೋಡಿದ್ದೇನೆ. ನಿನ್ನ ಅಣ್ಣನ ಕಾಲು ಬೇಗ ವಾಸಿಯಾಗಲಿ."

ಕೆಳಗೆ ಹೆಸರು ಬರೆಯಲಿಲ್ಲ. ವೇಗ ಅಳೆಯುವವಳು ಎಂದಷ್ಟೇ ಬರೆದೆ. ಅವನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಮೊಬೈಲಿನ ಕವರಿನೊಳಗೆ ಸೇರಿಸಿ, ಗಿಡದ ಕಡೆಗೆ ನಡೆದ.

ವರದಿ ಹೋಯಿತು. ಅದರ ಆರನೆಯ ಪುಟದಲ್ಲಿ ಒಂದು ಸಾಲಿದೆ: ಅಳೆಯುವವರು ನೆರಳಿಗಾಗಿ ನಿಗದಿತ ಸ್ಥಳದಿಂದ ಅರವತ್ತು ಮೀಟರು ಮೇಲಕ್ಕೆ ಸರಿದಿದ್ದರು. ಟೈಪ್ ಮಾಡುವಾಗ ಆ ಸಾಲನ್ನು ಮೂರು ಸಲ ಓದಿ, ಒಂದು ಅಲ್ಪವಿರಾಮ ತೆಗೆದೆ. ಕಚೇರಿಯಿಂದ ಪ್ರಶ್ನೆಗಳು ಬಂದವು, ಸಾಹೇಬರು ಎರಡು ಸಲ ಕೋಲೂರಿಕೊಂಡು ಹೋಗಿ ಬಂದರು. ಬೇಸಿಗೆಯ ಕೊನೆಗೆ ಲೂಪಿನ ಬಾಯಲ್ಲೇ ಮೂವತ್ತರ ಬೋರ್ಡು ಬಂತು. ಗಿಡ ದಾಟಿದ ಕೂಡಲೇ ರಸ್ತೆಗೆ ಅಡ್ಡಲಾಗಿ ಗಡಗಡ ಅನ್ನುವ ದಪ್ಪ ಪಟ್ಟೆಗಳು, ಬಾವಿಯ ಎದುರು ಹೊರ ಅಂಚಿಗೆ ಬಾಣದ ಗುರುತಿನ ಹಲಗೆಗಳು, ಅವುಗಳ ಹಿಂದೆ ಕಬ್ಬಿಣದ ತಡೆ. ಬಾವಿಯನ್ನೂ ತಿರುವನ್ನೂ ಯಾರೂ ಮುಟ್ಟಲಿಲ್ಲ. ಅದು ದೊಡ್ಡ ಕೆಲಸ, ನಮ್ಮ ಕಾಲಕ್ಕೆ ಆಗುವುದಲ್ಲ ಎಂದರು ಸಾಹೇಬರು.

ಮಳೆ ಹಿಡಿಯುವ ಮೊದಲು ಬದಲಾವಣೆಯ ನಂತರದ ವೇಗವನ್ನು ಅಳೆಯಬೇಕಿತ್ತು. ಎರಡು ದಿನದ ಕೆಲಸ. ಸಾಹೇಬರು ಪೆಟ್ಟಿಗೆಯನ್ನು ತಾವೇ ತಂದು ನಮ್ಮ ಕಟ್ಟೆಯ ಮೇಲಿಟ್ಟು, "ಬಾವಿ ಕಡೆ, ವೈನಿ," ಎಂದಷ್ಟೇ ಹೇಳಿ ಹೋದರು.

ಎರಡನೆಯ ದಿನ, ನಾಲ್ಕು ಗಂಟೆಯ ಸುಮಾರಿಗೆ, ಕಟ್ಟೆಯ ಸಂದಿನಲ್ಲಿ ಒಂದು ಟೆಂಪೋ ಕಂಡಿತು. ಹಿಂದೆ ನಾಲ್ಕು ಬೀಮ್, ಎರಡೆರಡು ಸುತ್ತು ಹಗ್ಗ ಬಿಗಿದಿದ್ದರು. ಪಟ್ಟೆಗಳ ಮೇಲೆ ಗಡಗಡ ಎಂದು ಇಳಿಯಿತು. ಓಡಿಸುತ್ತಿದ್ದವನು ಅವನೇ. ಪಕ್ಕದ ಸೀಟಿನಲ್ಲಿ ಒಬ್ಬ ಕಾಲು ನೀಳವಾಗಿ ಚಾಚಿಕೊಂಡು, ಎರಡು ಮೊಣಕಾಲುಗಳ ನಡುವೆ ಊರುಗೋಲು ಹಿಡಿದು ಕೂತಿದ್ದ. ಏನೋ ಜೋರಾಗಿ ಹೇಳುತ್ತಿದ್ದ, ಬೈಯುತ್ತಿದ್ದನೋ ಏನೋ. ಇವನು ಎರಡೂ ಕೈಯಿಂದ ಚಕ್ರ ಹಿಡಿದು, ರಸ್ತೆಯನ್ನೇ ನೋಡುತ್ತಾ ನಗುತ್ತಿದ್ದ. ಕಟ್ಟೆಯ ಹಿಂದೆ ನಾನಿರುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಕೂಡ, ಆ ತಿರುವಿನಲ್ಲಿ ಯಾರೂ ಆಚೀಚೆ ನೋಡಬಾರದು.

ಬೆರಳು ನಿಲ್ಲಿಸಿತು. ಮೂರು ಪಾಯಿಂಟ್ ಆರು. ಸರಿಯಾಗಿ ಮೂವತ್ತು.

ಬರೆದುಕೊಂಡೆ. ಗಾಡಿಯ ನಮೂನೆ, ಸೆಕೆಂಡು, ವೇಗ. ಚಾಲಕನ ಹೆಸರಿಗೆ ಆ ಹಾಳೆಯಲ್ಲಿ ಅಂಕಣವಿಲ್ಲ. ನನಗೆ ಅವನ ಹೆಸರೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಕನ್ನಡಿಯಲ್ಲಿ ಮತ್ತೊಂದು ಬಣ್ಣ ಹಾಯಿತು, ಒತ್ತಿದೆ.